ಅಟ್ಟದಲ್ಲಿ ಬೆವರುವ ಎಸಿ ಡಕ್ಟ್: ಇನ್ಸುಲೇಷನ್ ದಪ್ಪ ಮಾಡಿದರೆ ಸಾಕೇ?

ಅಟ್ಟದಮನೆ (ಪ್ರಶ್ನೆ):

ಮಾಡಿಗೂ ಸೀಲಿಂಗಿಗೂ ನಡುವಿನ ಅಟ್ಟದಲ್ಲಿ ಎಸಿ ಡಕ್ಟ್ (ತಣ್ಣನೆ ಗಾಳಿ ಸಾಗಿಸುವ ಕೊಳವೆ) ಹಾದು ಹೋಗಿದೆ. ಮೇಲೆ ಲೋಹದ ಶೀಟಿನ ಮಾಡು. ಸೂರಿನಂಚಿನಲ್ಲೂ ನೆತ್ತಿಯಲ್ಲೂ ಗಾಳಿಕಿಂಡಿಗಳಿವೆ, ಹೊರಗಿನ ಗಾಳಿ ಸಲೀಸಾಗಿ ಬಂದು ಹೋಗುತ್ತದೆ. ಮುಖ್ಯ ಡಕ್ಟ್ 600×300 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನದು. ಅದರ ಸುತ್ತ 25 ಮಿ.ಮೀ. ಗ್ಲಾಸ್ ವುಲ್, ಹೊರಗೆ ಅಲ್ಯೂಮಿನಿಯಂ ಫಾಯಿಲ್. ಅಲ್ಲಿಂದ ಕೋಣೆಗಳಿಗೆ 200 ಮಿ.ಮೀ. ಫ್ಲೆಕ್ಸಿಬಲ್ ಡಕ್ಟ್.

ನಸುಕಿನಿಂದ ಎಂಟು ಗಂಟೆಯವರೆಗೆ ಡಕ್ಟಿನಿಂದ ನೀರು ತೊಟ್ಟಿಕ್ಕುತ್ತದೆ, ಸೀಲಿಂಗಿನಲ್ಲಿ ಗ್ರಿಲ್ ಸುತ್ತ ಕಂದು ಕಲೆ. ಅಟ್ಟ ಕುಲುಮೆಯಂತೆ ಕಾದಿರುವ ಮಧ್ಯಾಹ್ನ ಮಾತ್ರ ಒಂದು ಹನಿಯೂ ಇಲ್ಲ. ಇದೇ ತಲೆಕೆಳಗಾಗಿದೆ ಅನ್ನಿಸುತ್ತಿದೆ.

ಅಳತೆಗಳು: ಬೆಳಿಗ್ಗೆ 7ಕ್ಕೆ ಅಟ್ಟದಲ್ಲಿ 28 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 88. ಮಧ್ಯಾಹ್ನ 2ಕ್ಕೆ 43 ಡಿಗ್ರಿ, ಶೇ. 40. ಯೂನಿಟ್ಟಿನಿಂದ ಹೊರಡುವ ಗಾಳಿ (ಸಪ್ಲೈ) 11 ಡಿಗ್ರಿ, ಕೋಣೆಗಳಿಂದ ವಾಪಸ್ ಬರುವ ಗಾಳಿ (ರಿಟರ್ನ್) 23. ಥರ್ಮೋಸ್ಟಾಟ್ 22ಕ್ಕೆ ಇಟ್ಟಿದೆ.

ಮೂರು ಸಲಹೆ ಬಂದಿವೆ. ಗ್ಲಾಸ್ ವುಲ್ 50 ಮಿ.ಮೀ. ಮಾಡಿ, ಅಟ್ಟಕ್ಕೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಡೀಹ್ಯೂಮಿಡಿಫೈಯರ್ ಇಡಿ. ಯಾವುದು ಸರಿ? ಮೂರನ್ನೂ ಮಾಡಬೇಕೇ?


ಇಬ್ಬನಿಬಿಂದು:

ನಿಮಗೆ ಬೇಕಾದ ಉತ್ತರ ನೀವೇ ಕೊಟ್ಟಿರುವ ಎರಡು ಅಳತೆಗಳಲ್ಲಿದೆ. ಶೇಕಡಾವಾರು ತೇವಾಂಶವನ್ನು ಅಷ್ಟಾಗಿ ನಂಬಬೇಡಿ, ಅದು ಬಿಸಿಲೇರಿದರೆ ಇಳಿಯುವ, ತಂಪಾದರೆ ಏರುವ ಸಂಖ್ಯೆ. ಗಾಳಿಯಲ್ಲಿ ನಿಜಕ್ಕೂ ಎಷ್ಟು ನೀರಿದೆ ಎಂದು ಹೇಳುವುದು ಇಬ್ಬನಿ ಬಿಂದು, ಅಂದರೆ ಗಾಳಿ ಎಷ್ಟಕ್ಕೆ ತಣ್ಣಗಾದರೆ ಅದರಲ್ಲಿರುವ ಆವಿ ನೀರಾಗಿ ಕಟ್ಟುತ್ತದೋ ಆ ಉಷ್ಣಾಂಶ. 28 ಡಿಗ್ರಿ, ಶೇ. 88ಕ್ಕೆ ಅದು 25.8 ಡಿಗ್ರಿ. 43 ಡಿಗ್ರಿ, ಶೇ. 40ಕ್ಕೆ 26.5. ಎರಡಕ್ಕೂ ಮುಕ್ಕಾಲು ಡಿಗ್ರಿಯೂ ವ್ಯತ್ಯಾಸ ಇಲ್ಲ. ಹಗಲೂ ರಾತ್ರಿಯೂ ಅಟ್ಟದ ಗಾಳಿ ಹೊತ್ತಿರುವ ನೀರು ಹೆಚ್ಚುಕಡಿಮೆ ಅಷ್ಟೇ. ಮಧ್ಯಾಹ್ನ ಸುತ್ತಲಿನ ಬಿಸಿ ಫಾಯಿಲನ್ನು ಕಾಯಿಸಿ ಇಡುತ್ತದೆ, ನಸುಕಿನಲ್ಲಿ ಆ ಬಿಸಿ ಇರುವುದಿಲ್ಲ. ಹಾಗಾಗಿ ಡಕ್ಟ್ ಬೆವರುವುದು ತಂಪು ಹೊತ್ತಿನಲ್ಲಿ.

ಹೊರಮೈ ಎಷ್ಟು ತಣ್ಣಗಿದೆ ಎಂದು ಲೆಕ್ಕ ಹಾಕುವುದು ಕಷ್ಟವಲ್ಲ:

ಹೊರಮೈ ಉಷ್ಣಾಂಶ = ಅಟ್ಟದ ಗಾಳಿ − (ಅಟ್ಟದ ಗಾಳಿ − ಡಕ್ಟಿನೊಳಗಿನ ಗಾಳಿ) × ಮೇಲ್ಮೈ ತಡೆ ÷ (ಇನ್ಸುಲೇಷನ್ ತಡೆ + ಮೇಲ್ಮೈ ತಡೆ)

ಇನ್ಸುಲೇಷನ್ ತಡೆ ಎಂದರೆ ದಪ್ಪವನ್ನು ಮೀಟರಿನಲ್ಲಿ ಬರೆದು ವಸ್ತುವಿನ ಉಷ್ಣವಾಹಕತೆಯಿಂದ ಭಾಗಿಸುವುದು. ಗ್ಲಾಸ್ ವುಲ್‌ಗೆ ಉಷ್ಣವಾಹಕತೆ 0.04 ಹಿಡಿದರೆ 25 ಮಿ.ಮೀ.ಗೆ ತಡೆ 0.625. ಮೇಲ್ಮೈ ತಡೆ ಎಂದರೆ ಸುತ್ತಲಿನಿಂದ ಹೊರಮೈಗೆ ಶಾಖ ಬರಲು ಇರುವ ತಡೆ, ಹೊಳೆಯುವ ಫಾಯಿಲ್‌ಗೆ ಅದು ಸುಮಾರು 0.2. ನಿಮ್ಮ ಬೆಳಗಿನ ಅಂಕಿಗಳನ್ನು ಹಾಕಿದರೆ ಹೊರಮೈ 23.9 ಡಿಗ್ರಿಗೆ ಬರುತ್ತದೆ. ಇಬ್ಬನಿ ಬಿಂದು 25.8 ಇರುವಾಗ ನೀರು ಕಟ್ಟದೆ ಇನ್ನೇನು? ಅದೇ ಮಧ್ಯಾಹ್ನಕ್ಕೆ ಹೊರಮೈ 35.2, ಇಬ್ಬನಿ ಬಿಂದು 26.5; ಒಣಗಿರುತ್ತದೆ.

ಈಗ 50 ಮಿ.ಮೀ. ಸಲಹೆಗೆ ಬರೋಣ. ಅದೇ ಫಾಯಿಲ್ ಇಟ್ಟು ದಪ್ಪ ಮಾತ್ರ ಎರಡರಷ್ಟು ಮಾಡಿದರೆ ಹೊರಮೈ 25.6 ಅಥವಾ 25.7. ಇಷ್ಟೆಲ್ಲ ಖರ್ಚು ಮಾಡಿಯೂ ಕೂದಲೆಳೆಯಲ್ಲಿ ಸೋಲುತ್ತೀರಿ. 75 ಮಿ.ಮೀ.ಗೆ ಹೋದರೆ 26.4, ಅಂದರೆ ಅರ್ಧ ಡಿಗ್ರಿಗೆ ಸ್ವಲ್ಪ ಹೆಚ್ಚು ಅಂತರ. ದಪ್ಪ ಏರಿಸಿದಷ್ಟೂ ಸಿಗುವ ಲಾಭ ಇಳಿಯುತ್ತಾ ಹೋಗುತ್ತದೆ.

ಬಹಳ ಜನ ಗಮನಿಸದ ವಿಷಯವೊಂದಿದೆ. ಹೊಳೆಯುವ ಫಾಯಿಲ್ ಸುತ್ತಲಿನಿಂದ ವಿಕಿರಣದ ಶಾಖವನ್ನು ತೆಗೆದುಕೊಳ್ಳುವುದಿಲ್ಲ. ವಿದ್ಯುತ್ ಉಳಿಸಲು ಅದು ಒಳ್ಳೆಯ ಗುಣವೇ, ಬೆವರುವ ಲೆಕ್ಕದಲ್ಲಿ ಮಾತ್ರ ಕೆಟ್ಟದ್ದು. ಮೈ ತಣ್ಣಗೇ ಉಳಿಯುತ್ತದೆ. ಹೊರಗಿನ ಮೈ ಹೊಳಪಿಲ್ಲದ್ದಾದರೆ (ಬಣ್ಣ ಬಳಿದದ್ದು, ಬಟ್ಟೆಯಂಥ ಹೊದಿಕೆ, ಕಪ್ಪು ನೈಟ್ರೈಲ್ ರಬ್ಬರ್, ಯಾವುದಾದರೂ ಸರಿ) ಮೇಲ್ಮೈ ತಡೆ 0.2ರಿಂದ ಸುಮಾರು 0.11ಕ್ಕೆ ಇಳಿಯುತ್ತದೆ. ಆಗ 50 ಮಿ.ಮೀ.ಗೇ ಹೊರಮೈ 26.6 ಡಿಗ್ರಿ. ಫಾಯಿಲಿನ 75 ಮಿ.ಮೀ.ಗಿಂತ ವಾಸಿ.


ತಗಡುಕೆಲಸ:

ಲೆಕ್ಕ ಸರಿ ಇದೆ, ಆದರೆ ಅದು ಹೊರಪದರ ಎಲ್ಲೂ ಹರಿಯದೆ ಇರುವ ಡಕ್ಟಿಗೆ. ಅಂಥ ಡಕ್ಟ್ ಅಟ್ಟದಲ್ಲಿ ಸಿಗುವುದು ಅಪರೂಪ. ದಪ್ಪದ ಮಾತು ಆಮೇಲೆ. ಮೊದಲು ಟಾರ್ಚ್ ಹಿಡಿದು ಹನಿ ಎಲ್ಲಿಂದ ಬರುತ್ತಿದೆ ನೋಡಿ.

ಡಕ್ಟಿನ ಮೇಲ್ಭಾಗ ಮಾತ್ರ ಒದ್ದೆ, ತಳ ಒಣಗಿದ್ದರೆ ಅದು ಡಕ್ಟಿನ ಬೆವರೇ ಅಲ್ಲ. ಲೋಹದ ಶೀಟು ರಾತ್ರಿ ಆಕಾಶಕ್ಕೆ ಶಾಖ ಬಿಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಅದರ ಒಳಮೈಯಲ್ಲಿ ನೀರು ಕಟ್ಟಿ ಕೆಳಗೆ ಬೀಳುತ್ತದೆ. ಅದಕ್ಕೆ ಡಕ್ಟಿನ ಮೇಲೆ ಏನು ಸುತ್ತಿದರೂ ಪ್ರಯೋಜನವಿಲ್ಲ, ಶೀಟಿನ ಒಳಗೆ ಇನ್ಸುಲೇಷನ್ ಬೇಕು. ತಳವೆಲ್ಲ ಒಂದೇ ಸಮ ಒದ್ದೆಯಾಗಿದ್ದರೆ ದಪ್ಪ ಸಾಲದು. ಒಂದೊಂದು ಕಡೆ ಮಾತ್ರ ಒದ್ದೆಯಾಗಿದ್ದು ನಡುವೆ ಒಣಗಿದ್ದರೆ ಅಲ್ಲಿ ಫ್ಲೇಂಜ್ (ಡಕ್ಟಿನ ತುಂಡುಗಳನ್ನು ಜೋಡಿಸುವ ಅಂಚುಪಟ್ಟಿ), ಹ್ಯಾಂಗರ್ (ಡಕ್ಟನ್ನು ನೇತುಹಾಕುವ ಕಂಬಿ) ಅಥವಾ ಹರಿದ ಟೇಪ್ ಇರುತ್ತದೆ.

ಫ್ಲೇಂಜ್ ದೊಡ್ಡ ಕಳ್ಳ. ತಗಡಿನ ಮೈಯಿಂದ 30-35 ಮಿ.ಮೀ. ಹೊರಕ್ಕೆ ಚಾಚಿರುತ್ತದೆ. 25 ಮಿ.ಮೀ. ಗ್ಲಾಸ್ ವುಲ್ಲನ್ನು ಅದರ ಮೇಲೆ ಎಳೆದು ಬಿಗಿದರೆ ಆ ಅಂಚಿನಲ್ಲಿ ಉಳಿಯುವುದು ನಾಲ್ಕೈದು ಮಿ.ಮೀ. ಅಲ್ಲಿಂದಲೇ ಹನಿ ಶುರು. ಫ್ಲೇಂಜಿನ ಎರಡೂ ಪಕ್ಕದ ಗುಂಡಿಯನ್ನು ಪಟ್ಟಿಗಳಿಂದ ತುಂಬಿಸಿ, ಮೇಲೆ 150 ಮಿ.ಮೀ. ಅಗಲದ ಇನ್ನೊಂದು ಪಟ್ಟಿ ಹಾಕಿ, ಅದರ ಅಂಚುಗಳನ್ನು ಮುಖ್ಯ ಹೊದಿಕೆಗೆ ಅಂಟಿಸಬೇಕು. ಡ್ಯಾಂಪರಿನ (ಗಾಳಿ ಹೆಚ್ಚು ಕಡಿಮೆ ಮಾಡುವ ಒಳಬಾಗಿಲಿನ) ಹಿಡಿಕೆಯ ಕಂಬಿ, ಸೆನ್ಸರ್ ತೂತು, ಅಕ್ಸೆಸ್ ಡೋರ್, ಇವೂ ಅದೇ ಜಾತಿ. ಹ್ಯಾಂಗರ್ ಕಂಬಿ ತಗಡಿಗೇ ತಾಗಿದ್ದರೆ ತಣ್ಣಗಾಗಿ ತಾನೂ ಬೆವರುತ್ತದೆ. ಹ್ಯಾಂಗರ್ ಇನ್ಸುಲೇಷನ್ನಿನ ಹೊರಗೆ ಬರಬೇಕು, ಭಾರ ಬೀಳುವ ಕಡೆ ವುಲ್ ಅಮುಕಿಹೋಗದಂತೆ ಗಟ್ಟಿ ಫೋಮಿನ ತುಂಡು ಅಥವಾ ಮರದ ಹಲಗೆ ಕೊಡಬೇಕು.

ಇನ್ನು ಫಾಯಿಲ್. ಅದು ಅಲಂಕಾರಕ್ಕಲ್ಲ, ಆವಿ ಒಳಗೆ ನುಗ್ಗದಂತೆ ತಡೆಯುವ ಪದರ. ಗ್ಲಾಸ್ ವುಲ್ಲಿಗೆ ತಾನಾಗಿ ಆವಿಯನ್ನು ತಡೆಯುವ ಶಕ್ತಿ ಇಲ್ಲ. ಫಾಯಿಲಿನಲ್ಲಿ ಬೆರಳು ತೂರುವಷ್ಟು ತೂತಿದ್ದರೂ ಅಟ್ಟದ ಗಾಳಿ ಒಳಗೆ ಹೋಗಿ 11 ಡಿಗ್ರಿಯ ತಗಡನ್ನು ಮುಟ್ಟುತ್ತದೆ, ಅಲ್ಲೇ ನೀರಾಗುತ್ತದೆ, ತಳಕ್ಕೆ ಇಳಿದು ವುಲ್ಲಿನಲ್ಲಿ ನಿಲ್ಲುತ್ತದೆ. ಒದ್ದೆ ವುಲ್ ಶಾಖವನ್ನು ಬೇಗ ದಾಟಿಸುತ್ತದೆ, ಹೊರಮೈ ಇನ್ನಷ್ಟು ತಣ್ಣಗಾಗುತ್ತದೆ, ಪಕ್ಕದ ಮೈಯೂ ಬೆವರುತ್ತದೆ. ರೋಗ ಹರಡುವುದು ಹೀಗೆ. ತಳಕ್ಕೆ ಕೈ ಒತ್ತಿ ನೋಡಿ. ಜೋತುಬಿದ್ದ ಜಾಗದಲ್ಲಿ ಚಚ್ಚೌಕ ಸೀಳಿದರೆ ನೀರು ಹರಿದು ಬರಬಹುದು, ಕೆಳಗೆ ಬಕೆಟ್ ಇಟ್ಟುಕೊಂಡೇ ಸೀಳಿ.

50 ಮಿ.ಮೀ. ವುಲ್ ಬಗ್ಗೆ ಒಂದು ಮಾತು. ಸುತ್ತಿದ ಮೇಲೆ ಅದು 50 ಆಗಿ ಉಳಿಯುವುದಿಲ್ಲ. ಒಳ್ಳೆ ಕೆಲಸದಲ್ಲೇ ಕಾಲು ಭಾಗ ಅಮುಕಿ 38 ಆಗುತ್ತದೆ, ಎಳೆದು ಬಿಗಿದರೆ ಮೂಲೆಗಳಲ್ಲಿ 15. ಇಬ್ಬನಿಬಿಂದು ಅವರು ಲೆಕ್ಕಕ್ಕೆ 38 ಹಾಕಿಕೊಳ್ಳಲಿ. 600×300 ಡಕ್ಟಿನ ಸುತ್ತಳತೆ 1800. 50 ಮಿ.ಮೀ. ಹೊದಿಕೆಗೆ ಅದಕ್ಕೆ 200 ಸೇರಿಸಿ 2000 ಮಿ.ಮೀ. ಉದ್ದ ಕತ್ತರಿಸಬೇಕು, 50 ಮಿ.ಮೀ. ಮಡಿಕೆ ಅದರಲ್ಲೇ ಸೇರಿದೆ. 1850 ಕತ್ತರಿಸಿ ಎಳೆದು ಮುಟ್ಟಿಸುವವರೇ ಹೆಚ್ಚು. 600 ಮಿ.ಮೀ. ಅಥವಾ ಅದಕ್ಕಿಂತ ಅಗಲದ ತಳಕ್ಕೆ ಪಿನ್ನುಗಳು ಬೇಕು, ಇಲ್ಲವಾದರೆ ವುಲ್ ಜೋತುಬಿದ್ದು ತಗಡಿಗೂ ಅದಕ್ಕೂ ನಡುವೆ ಸಂದಿಯಾಗುತ್ತದೆ. ಪಿನ್ನಿನಿಂದ ಪಿನ್ನಿಗೆ 300 ಮಿ.ಮೀ. ಇಡಿ, ಪಿನ್ನಿನ ತಲೆಯ ಮೇಲೆ ಒಂದೊಂದಕ್ಕೂ ಟೇಪಿನ ತುಂಡು.


ಇಬ್ಬನಿಬಿಂದು:

ತಗಡುಕೆಲಸ ಅವರ 38 ಒಪ್ಪಿದೆ. ಫಾಯಿಲ್ ಮೈಗೆ ಲೆಕ್ಕ ಹಾಕಿದರೆ 25.0 ಡಿಗ್ರಿ ಬರುತ್ತದೆ. 50 ಎಂದುಕೊಂಡು ಖರೀದಿಸಿದವರಿಗೆ ಮುಕ್ಕಾಲು ಡಿಗ್ರಿಗಿಂತ ಹೆಚ್ಚು ಸೋಲು.


ಗಾಳಿಲೆಕ್ಕ:

ಎಲ್ಲರೂ ಡಕ್ಟಿನ ಹೊರಗೆ ನೋಡುತ್ತಿದ್ದೀರಿ, ನಾನು ಒಳಗೆ ನೋಡುತ್ತೇನೆ. 11 ಡಿಗ್ರಿ ಸಪ್ಲೈ ತುಸು ಹೆಚ್ಚೇ ತಣ್ಣಗೆ. ರಿಟರ್ನಿಗೂ ಸಪ್ಲೈಗೂ 9ರಿಂದ 12 ಡಿಗ್ರಿ ಅಂತರ ಸಾಮಾನ್ಯ, ನಿಮ್ಮದು 12, ಅಂದರೆ ಮೇಲಿನ ಅಂಚಿನಲ್ಲಿದೆ. ಕಾಯಿಲ್ (ಯೂನಿಟ್ಟಿನೊಳಗೆ ಗಾಳಿಯನ್ನು ತಣ್ಣಗೆ ಮಾಡುವ ಕೊಳವೆ ಸುರುಳಿ) ಮೇಲೆ ಹೋಗುವ ಗಾಳಿ ಕಡಿಮೆ ಇರುವ ಸಾಧ್ಯತೆ ಇದೆ. ಫಿಲ್ಟರ್ ತೊಳೆಯಿರಿ, ಕಾಯಿಲಿನ ಮುಖದಲ್ಲಿ ಧೂಳು ಕಟ್ಟಿದೆಯೇ ನೋಡಿ, ಮುಚ್ಚಿಟ್ಟಿರುವ ಗ್ರಿಲ್‌ಗಳನ್ನು ತೆರೆಯಿರಿ, ಫ್ಲೆಕ್ಸಿಬಲ್ ಡಕ್ಟ್ ಎಲ್ಲಾದರೂ ಮಡಚಿದೆಯೇ ನೋಡಿ. ಬಳಸದ ಕೋಣೆಯ ಗ್ರಿಲ್ ಮುಚ್ಚಿದರೆ ಉಳಿತಾಯ ಎಂದು ಮಾಡುವವರಿದ್ದಾರೆ. ಒಟ್ಟು ಗಾಳಿ ಇಳಿದು ಉಳಿದ ಡಕ್ಟುಗಳು ಇನ್ನೂ ತಣ್ಣಗಾಗಿ ಬೆವರುತ್ತವೆ. ಒಂದು ಟನ್ನಿಗೆ ಮಿನಿಟಿಗೆ 350ರಿಂದ 400 ಘನ ಅಡಿ ಗಾಳಿ ಇರಬೇಕು. ಅದಕ್ಕಿಂತ ಮೇಲೆ ಏರಿಸಬೇಡಿ. ಗಾಳಿ ಹೆಚ್ಚಾದಂತೆ ಕಾಯಿಲ್ ನೀರು ಹಿಂಡುವುದು ಕಡಿಮೆಯಾಗುತ್ತದೆ, ಕೋಣೆ ಜಿಗುಟಾಗುತ್ತದೆ.

ಥರ್ಮೋಸ್ಟಾಟ್ 22ರಿಂದ 24 ಅಥವಾ 25ಕ್ಕೆ ಏರಿಸಿ. ರಿಟರ್ನ್ ಗಾಳಿ ಬಿಸಿಯಾದಷ್ಟೂ ಸಪ್ಲೈಯೂ ಏರುತ್ತದೆ. 11 ಇದ್ದದ್ದು 13.5 ಆದರೆ ಹೊಳಪಿಲ್ಲದ 50 ಮಿ.ಮೀ. ಮೈ 26.8 ಡಿಗ್ರಿ ಆಗುತ್ತದೆ, ಒಂದು ಡಿಗ್ರಿ ಅಂತರ ಸಿಕ್ಕಿತು. ಇದು ಕಾಸು ಖರ್ಚಿಲ್ಲದೆ ಸಿಗುವ ಲಾಭ.

ಈಗ ಎಕ್ಸಾಸ್ಟ್ ಫ್ಯಾನ್. ಬೇಡ. ಹೊರಗಿನ ಗಾಳಿಯ ಇಬ್ಬನಿ ಬಿಂದುವೂ ಅಟ್ಟದ್ದೂ ಒಂದೇ ಆಗಿರುವಾಗ ಫ್ಯಾನ್ ಮಾಡುವುದು ಅದೇ ನೀರನ್ನು ಬದಲಾಯಿಸುತ್ತಾ ಇರುವುದು. ಮೇಲಾಗಿ ರಾತ್ರಿ ಅಟ್ಟದಲ್ಲಿ ಉಳಿದಿರುವ ಚೂರುಪಾರು ಬಿಸಿಯನ್ನೂ ಹೊರಗೆ ಹಾಕುತ್ತದೆ, ಡಕ್ಟಿಗೆ ಬೇಕಾಗಿದ್ದದ್ದು ಅದೇ ಬಿಸಿ. ಸೀಲಿಂಗಿನಲ್ಲಿ ಸಂದಿಗಳಿದ್ದರೆ ಮನೆಯೊಳಗಿನ ತಂಪು ಗಾಳಿಯನ್ನೂ ಎಳೆಯುತ್ತದೆ, ಆ ಜಾಗಕ್ಕೆ ಬಾಗಿಲ ಸಂದಿಯಿಂದ ಹೊರಗಿನ ಹಸಿ ಗಾಳಿ ಬರುತ್ತದೆ.

ಡೀಹ್ಯೂಮಿಡಿಫೈಯರ್ ಲೆಕ್ಕ ಇನ್ನೂ ಮಜಾ. ಅಟ್ಟ 100 ಘನ ಮೀಟರ್ ಎಂದಿಟ್ಟುಕೊಳ್ಳಿ. ಗಾಳಿಕಿಂಡಿ ತೆರೆದಿದ್ದರೆ ಗಂಟೆಗೆ ಐದು ಸಲ ಗಾಳಿ ಬದಲಾದರೂ 500 ಘನ ಮೀಟರ್. 26 ಡಿಗ್ರಿ ಇಬ್ಬನಿ ಬಿಂದುವಿನ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 24 ಗ್ರಾಂ ನೀರು, 22 ಡಿಗ್ರಿಯದರಲ್ಲಿ ಸುಮಾರು 19. ಐದು ಗ್ರಾಂ ತೆಗೆಯಲು ಗಂಟೆಗೆ ಎರಡೂವರೆ ಲೀಟರ್, ದಿನಕ್ಕೆ 60 ಲೀಟರ್. ಮನೆ ಬಳಕೆಯ ಯಂತ್ರಕ್ಕೆ ಆಗುವ ಮಾತಲ್ಲ, ಊರ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ. ಗಾಳಿಕಿಂಡಿ ಮುಚ್ಚಿ ಮಾಡಿನ ಕೆಳಗೇ ಇನ್ಸುಲೇಷನ್ ಮಾಡಿ ಅಟ್ಟವನ್ನು ಮನೆಯ ಒಳಭಾಗವಾಗಿ ಮಾಡಿದ ಮೇಲೆ ಸಣ್ಣದೊಂದು ಯಂತ್ರಕ್ಕೆ ಅರ್ಥವಿದೆ.

ಸ್ನಾನದ ಮನೆಯ ಎಕ್ಸಾಸ್ಟ್ ಪೈಪ್ ಅಟ್ಟದಲ್ಲೇ ಬಾಯಿ ಬಿಟ್ಟುಕೊಂಡಿದ್ದರೆ ಇವತ್ತೇ ಹೊರಗೆ ತಿರುಗಿಸಿ.


ಅಟ್ಟದಮನೆ:

ಎಲ್ಲರಿಗೂ ಧನ್ಯವಾದ. ಮತ್ತೆ ನೋಡಿದೆ. ಮೇಲ್ಭಾಗ ಒಣಗಿದೆ, ತಳವೇ ಒದ್ದೆ, ಫ್ಲೇಂಜುಗಳ ಹತ್ತಿರ ಹೆಚ್ಚು. ಎರಡು ಕಡೆ ತಳ ಜೋತುಬಿದ್ದು ಮೆತ್ತಗಾಗಿದೆ. ಫ್ಲೆಕ್ಸಿಬಲ್ ಡಕ್ಟುಗಳು ಮೂರು ಒಂದರ ಮೇಲೊಂದು ಮಲಗಿವೆ. ಒಂದು ಗೊಂದಲ: ಇನ್‌ಫ್ರಾರೆಡ್ ಥರ್ಮಾಮೀಟರ್ ಫಾಯಿಲ್ ಮೇಲೆ ಹಿಡಿದರೆ 27.5 ತೋರಿಸುತ್ತದೆ. ಇಬ್ಬನಿ ಬಿಂದು 25.8 ಆದರೆ ನೀರು ಕಟ್ಟಬಾರದಲ್ಲವೇ? ಹಳೆ ವುಲ್ ಮೇಲೆಯೇ ಹೊಸದನ್ನು ಸುತ್ತಬಹುದೇ ಅಂತಲೂ ಹೇಳಿ.


ಇಬ್ಬನಿಬಿಂದು:

ಥರ್ಮಾಮೀಟರ್ ನೋಡುತ್ತಿರುವುದು ಫಾಯಿಲನ್ನಲ್ಲ, ಫಾಯಿಲಿನ ಕನ್ನಡಿಯಲ್ಲಿ ಕಾಣುವ ಮಾಡನ್ನೂ ನಿಮ್ಮ ಮುಖವನ್ನೂ. ಹೊಳೆಯುವ ಲೋಹದ ಮೇಲೆ ಆ ಉಪಕರಣ ಯಾವತ್ತೂ ಸುಳ್ಳು ಹೇಳುತ್ತದೆ. 50 ಮಿ.ಮೀ. ಉದ್ದದ ಕಪ್ಪು ಇನ್ಸುಲೇಷನ್ ಟೇಪ್ ಅಥವಾ ಮಾಸ್ಕಿಂಗ್ ಟೇಪ್ ಅಂಟಿಸಿ, ಚೆನ್ನಾಗಿ ಉಜ್ಜಿ, ಹತ್ತು ನಿಮಿಷ ಬಿಟ್ಟು ಟೇಪಿನ ಮೇಲೆ ಅಳೆಯಿರಿ. ಟೇಪಿಗಿಂತ ಉಪಕರಣ ನೋಡುವ ವೃತ್ತ ಚಿಕ್ಕದಿರಬೇಕು, ಹಾಗಾಗಿ ಹತ್ತಿರದಿಂದ ಹಿಡಿಯಿರಿ. ನೀರು ಕಟ್ಟಿದ ಮೈಯಲ್ಲಿ ಅಳೆದರೆ ನೀರಿನ ಉಷ್ಣಾಂಶ ಬರುತ್ತದೆ, ಒರೆಸಿ ತಕ್ಷಣ ಅಳೆಯಿರಿ. ಅಗ್ಗದ ತೇವಾಂಶ ಮಾಪಕಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ: ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ಗಂಜಿಯಂತಾಗುವಷ್ಟು ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬದಲ್ಲಿ ಎಂಟು ಗಂಟೆ ಇಟ್ಟರೆ ಶೇ. 75 ತೋರಿಸಬೇಕು. 5 ಆಚೀಚೆ ಇದ್ದರೆ ಇಬ್ಬನಿ ಬಿಂದು ಒಂದು ಡಿಗ್ರಿ ಆಚೀಚೆ.

ಹಳೆಯದರ ಮೇಲೆ ಸುತ್ತುವ ಪ್ರಶ್ನೆ. ಹಾಗೆ ಮಾಡಿದರೆ ಹಳೆ ಫಾಯಿಲ್ ಎರಡು ಪದರಗಳ ನಡುವೆ ಸಿಕ್ಕಿಕೊಳ್ಳುತ್ತದೆ. 25ರ ಮೇಲೆ 25 ಸುತ್ತಿದರೆ ಆ ನಡುವಿನ ಫಾಯಿಲ್ ನಿಮ್ಮ ಅಂಕಿಗಳಲ್ಲಿ ಸುಮಾರು 18 ಡಿಗ್ರಿ. ಹೊರಪದರ ಎಲ್ಲಾದರೂ ಸೋರಿದರೆ ಆವಿ ಅಲ್ಲಿ ಹೋಗಿ ನೀರಾಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಹಳೆಯದು ಪೂರ್ತಿ ಒಣಗಿದ್ದು ಹೊಸ ಹೊರಪದರ ಬಿಗಿಯಾಗಿದ್ದರೆ ಮಾತ್ರ ಅದು ನಡೆಯುತ್ತದೆ. ನಿಮ್ಮದು ಮೆತ್ತಗಾಗಿದೆ ಅಂದಮೇಲೆ ಕಿತ್ತು ಹಾಕುವುದೇ ಸರಿ.


ತಗಡುಕೆಲಸ:

ಕಿತ್ತು ಹಾಕುವುದಾದರೆ ಕೆಲಸದ ಕ್ರಮ ಹೀಗಿರಲಿ. ಎಸಿ ನಿಲ್ಲಿಸಿ, ಡಕ್ಟ್ ಅಟ್ಟದ ಬಿಸಿಗೆ ಬರುವವರೆಗೆ ಕಾಯಿರಿ. ತಣ್ಣನೆ ತಗಡಿನ ಮೇಲೆ ಅಂಟೂ ಹಿಡಿಯುವುದಿಲ್ಲ, ಟೇಪೂ ನಿಲ್ಲುವುದಿಲ್ಲ, ನೀರನ್ನೇ ಒಳಗಿಟ್ಟು ಸುತ್ತಿದಂತಾಗುತ್ತದೆ. ಹಳೆ ವುಲ್ ತೆಗೆಯುವಾಗ ಮುಖಕ್ಕೆ ಮಾಸ್ಕ್, ಉದ್ದ ತೋಳಿನ ಅಂಗಿ, ಕನ್ನಡಕ. ವುಲ್ಲಿನಲ್ಲಿ ಕಪ್ಪು ಗೆರೆಗಳು ಕಂಡರೆ ಎಲ್ಲವೂ ಬೂಸ್ಟು ಎಂದುಕೊಳ್ಳಬೇಡಿ. ಎಷ್ಟೋ ಸಲ ಅದು ಸೋರುವ ಗಾಳಿಯ ಧೂಳನ್ನು ವುಲ್ ಸೋಸಿಕೊಂಡ ಗುರುತು. ಹಾಗಿದ್ದರೆ ಸೋರಿಕೆಯ ನಕ್ಷೆ ಪುಕ್ಕಟೆ ಸಿಕ್ಕಿತು, ಆ ಜಾಗಗಳಿಗೆ ಮಾರ್ಕರಿನಲ್ಲಿ ಗುರುತು ಹಾಕಿ.

ತಗಡು ಒರೆಸಿ ಒಣಗಿಸಿದ ಮೇಲೆ ಫ್ಲೇಂಜು, ಉದ್ದದ ಮಡಿಕೆ, ಕಾಲರ್ (ಫ್ಲೆಕ್ಸಿಬಲ್ ಡಕ್ಟ್ ಸಿಕ್ಕಿಸುವ ಕುತ್ತಿಗೆ) ಕೂರುವ ಕಡೆ, ಮೂಲೆಗಳಿಗೆಲ್ಲ ಡಕ್ಟ್ ಮ್ಯಾಸ್ಟಿಕ್ (ಸಂದಿ ಮುಚ್ಚುವ ಲೇಪ) ಬಳಿಯಿರಿ. ಎರಡು ಮಿ.ಮೀ. ದಪ್ಪ, ಸಂದಿಯ ಎರಡೂ ಕಡೆ 25 ಮಿ.ಮೀ. ಹರಡಿರಬೇಕು. ಸಂದಿ 6 ಮಿ.ಮೀ.ಗಿಂತ ಅಗಲ ಇದ್ದರೆ ಮೊದಲು ಫೈಬರ್ ಗ್ಲಾಸ್ ಜಾಲರಿ ಪಟ್ಟಿ, ಆಮೇಲೆ ಮ್ಯಾಸ್ಟಿಕ್. ಬಟ್ಟೆಯ ಬೂದು ಟೇಪನ್ನು ಅಟ್ಟಕ್ಕೆ ಹತ್ತಿಸಲೇಬೇಡಿ. ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಮ್ಯಾಸ್ಟಿಕ್ ಒಂದು ದಿನ ಒಣಗಲಿ, ಆಮೇಲೆ ಫ್ಯಾನ್ ಮಾತ್ರ ಓಡಿಸಿ ಊದುಬತ್ತಿ ಹಿಡಿದು ಎಲ್ಲ ಸಂದಿ ನೋಡಿ. ಹೊಗೆ ಬೆದರಿದ ಕಡೆ ಇನ್ನೊಂದು ಕೈ.

ಹೊದಿಕೆಗೆ ನನ್ನ ಮತ ಮುಖ್ಯ ಡಕ್ಟಿಗೆ ಕ್ಲೋಸ್ಡ್ ಸೆಲ್ (ಒಳಗಿನ ಗುಳ್ಳೆಗಳು ಒಂದಕ್ಕೊಂದು ಕೂಡದ) ನೈಟ್ರೈಲ್ ರಬ್ಬರ್, 19 ಮಿ.ಮೀ. ಎರಡು ಪದರ. ಮೂಲೆಯಲ್ಲಿ ವುಲ್ಲಿನಂತೆ ಅಮುಕುವುದಿಲ್ಲ, ವಸ್ತುವೇ ಆವಿ ತಡೆಯುತ್ತದೆ, ಒಂದು ಕಡೆ ಗೀರಿದರೂ ಇಡೀ ತಳ ಒದ್ದೆಯಾಗುವುದಿಲ್ಲ, ಮೈ ಹುಟ್ಟಿನಿಂದಲೇ ಕಪ್ಪು. ಮೊದಲ ಪದರಕ್ಕೆ ಸುತ್ತಳತೆ ಸುಮಾರು 1950 ಮಿ.ಮೀ., ಎರಡನೆಯದಕ್ಕೆ 2100. ಅಂದರೆ ಹತ್ತು ಮೀಟರ್ ಡಕ್ಟಿಗೆ ಎರಡೂ ಸೇರಿ 41 ಚದರ ಮೀಟರ್, ಕತ್ತರಿಸುವ ನಷ್ಟಕ್ಕೆ ಹತ್ತನೇ ಒಂದು ಭಾಗ ಹೆಚ್ಚು. ತುಂಡುಗಳನ್ನು ಅಳತೆಗಿಂತ ನಾಲ್ಕೈದು ಮಿ.ಮೀ. ದೊಡ್ಡದಾಗಿ ಕತ್ತರಿಸಿ ಒತ್ತಿ ಕೂರಿಸಬೇಕು. ಎಳೆದು ಅಂಟಿಸಿದ ಜಾಯಿಂಟ್ ತಿಂಗಳೊಪ್ಪತ್ತಿನಲ್ಲಿ ಬಾಯಿ ಬಿಡುತ್ತದೆ. ಅಂಟನ್ನು ತಗಡಿಗೂ ರಬ್ಬರಿಗೂ ಎರಡಕ್ಕೂ ತೆಳ್ಳಗೆ ಹಚ್ಚಿ, ಬೆರಳಿಗೆ ಮೆತ್ತದಷ್ಟು ಆರಿದ ಮೇಲೆ ಒತ್ತಿ. ಹಸಿ ಅಂಟಿನಲ್ಲೇ ಒತ್ತಿದರೆ ಒಳಗೆ ಗುಳ್ಳೆ. ಎರಡನೇ ಪದರದ ಜಾಯಿಂಟ್ ಮೊದಲನೆಯದರ ಮೇಲೆ ಬರಬಾರದು, ಎಲ್ಲ ಹೊರಜಾಯಿಂಟ್ ಮೇಲೂ ಅದೇ ರಬ್ಬರಿನ 3 ಮಿ.ಮೀ. ಟೇಪ್. ಅಂಟು ಪೂರ್ತಿ ಗಟ್ಟಿಯಾಗಲು ಒಂದರಿಂದ ಒಂದೂವರೆ ದಿನ ಬೇಕು, ಅಷ್ಟರವರೆಗೆ ಎಸಿ ಹಚ್ಚಬೇಡಿ. ಅಂಟಿನ ಆವಿ ಬೆಂಕಿ ಹಿಡಿಯುವಂಥದ್ದು, ಅಟ್ಟದಲ್ಲಿ ಊದುಬತ್ತಿ ಪರೀಕ್ಷೆಯನ್ನು ಅಂಟಿನ ಡಬ್ಬ ತೆರೆಯುವ ಮೊದಲೇ ಮುಗಿಸಿ. ರಬ್ಬರನ್ನು ಖರೀದಿಸುವಾಗ ಬೆಂಕಿ ಹರಡದ ದರ್ಜೆಯದ್ದೇ ಕೇಳಿ.

ಫ್ಲೆಕ್ಸಿಬಲ್ ಡಕ್ಟ್. ಮೂರು ಒಂದರ ಮೇಲೊಂದು ಮಲಗಿದ್ದರೆ ತಾಗಿದ ಕಡೆ ಬಿಸಿ ಗಾಳಿ ಸುಳಿಯುವುದಿಲ್ಲ, ಎರಡೂ ಮೈ ತಣ್ಣಗಾಗಿ ಅಂಚಿನಲ್ಲಿ ನೀರು. ಬಿಡಿಸಿ, ನಡುವೆ ಕನಿಷ್ಠ 50 ಮಿ.ಮೀ. ಜಾಗ ಕೊಟ್ಟು ನೇತುಹಾಕಿ. ಪಟ್ಟಿ 38 ಮಿ.ಮೀ.ಗಿಂತ ಕಿರಿದಾಗಿರಬಾರದು, ಕಂಬಿಯಲ್ಲಿ ಕಟ್ಟಿದರೆ ಅಲ್ಲೇ ಸೊಂಟ ಹಿಡಿದಂತೆ ಅಮುಕಿ ಅಲ್ಲೇ ಬೆವರು. ಒಂದೂವರೆ ಮೀಟರಿಗೊಂದು ಪಟ್ಟಿ, ನಡುವೆ ಮೀಟರಿಗೆ 40 ಮಿ.ಮೀ.ಗಿಂತ ಹೆಚ್ಚು ಜೋತುಬೀಳಬಾರದು. ಬದಲಾಯಿಸುವುದಾದರೆ ಆರ್-6 ಬಿಟ್ಟು ಆರ್-8 ತೆಗೆದುಕೊಳ್ಳಿ (ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಂಕಿ, ಹೆಚ್ಚಿದ್ದಷ್ಟೂ ಒಳ್ಳೆಯದು). ಕಾಲರ್ ಜೋಡಣೆಯಲ್ಲಿ ಒಳಗಿನ ಪದರ ಕಾಲರ್ ಮೇಲೆ 50 ಮಿ.ಮೀ. ಹತ್ತಬೇಕು, ಮ್ಯಾಸ್ಟಿಕ್ ಅಥವಾ ಎರಡು ಸುತ್ತು ಫಾಯಿಲ್ ಟೇಪ್, ಅದರ ಮೇಲೆ ನೈಲಾನ್ ಟೈ. ಆಮೇಲೆ ವುಲ್ಲನ್ನು ಮುಖ್ಯ ಡಕ್ಟಿನ ಹೊದಿಕೆಗೆ ಮುಟ್ಟುವವರೆಗೆ ಎಳೆದು, ಹೊರ ಜಾಕೆಟ್ಟನ್ನು ಬೇರೆಯಾಗಿ ಟೇಪ್ ಮಾಡಿ ಇನ್ನೊಂದು ಟೈ. ಒಳಗಿನದಕ್ಕೂ ಹೊರಗಿನದಕ್ಕೂ ಒಂದೇ ಟೈ ಹಾಕಿ ಮುಗಿಸುವವರಿಂದಲೇ ಅರ್ಧ ತಾಪತ್ರಯ.

ಗ್ರಿಲ್ ಪೆಟ್ಟಿಗೆಯನ್ನು ಮರೆಯಬೇಡಿ, ಕಂದು ಕಲೆಗೆ ಮೂಲ ಅದೇ. ಸೀಲಿಂಗ್ ಹಲಗೆಗೂ ಪೆಟ್ಟಿಗೆಗೂ ನಡುವಿನ ಸಂದಿಯನ್ನು ಸೀಲೆಂಟಿನಿಂದ ತುಂಬಿಸಿ, ಪೆಟ್ಟಿಗೆಯ ನಾಲ್ಕೂ ಪಕ್ಕಕ್ಕೆ 25 ಮಿ.ಮೀ. ರಬ್ಬರ್ ಹಚ್ಚಿ, ಸೀಲಿಂಗಿಗೆ ಮುಟ್ಟುವವರೆಗೆ. ಕಲೆ ಗ್ರಿಲ್ಲಿನ ಕೋಣೆಯ ಕಡೆಯ ಮುಖದಿಂದಲೇ ಇಳಿಯುತ್ತಿದ್ದರೆ ಅದು ಬೇರೆ ಕಥೆ. 24 ಡಿಗ್ರಿ, ಶೇ. 60ರ ಕೋಣೆಯಲ್ಲಿ ಇಬ್ಬನಿ ಬಿಂದು 15.8, ಗ್ರಿಲ್ 12 ಇದ್ದರೆ ಬೆವರಲೇಬೇಕು. ಆಗ ಕೋಣೆಗೆ ಹಸಿ ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು.


ಗಾಳಿಲೆಕ್ಕ:

ಆ ಹಸಿ ಗಾಳಿಗೂ ಡಕ್ಟ್ ಸೋರಿಕೆಗೂ ನಂಟಿದೆ. ಸಪ್ಲೈ ಡಕ್ಟ್ ಅಟ್ಟದಲ್ಲಿ ಸೋರಿದರೆ ಮನೆಯಿಂದ ಎಳೆದುಕೊಂಡ ಗಾಳಿಯಷ್ಟು ಮನೆಗೆ ವಾಪಸ್ ಬರುವುದಿಲ್ಲ. ಕೊರತೆ ಬಿದ್ದಷ್ಟನ್ನು ಮನೆ ಕಿಟಕಿ ಸಂದಿಯಿಂದ, ಸೀಲಿಂಗಿನ ಲೈಟ್ ತೂತುಗಳಿಂದ ಹೀರಿಕೊಳ್ಳುತ್ತದೆ. ಗ್ರಿಲ್ ಸುತ್ತ ಅಟ್ಟದ ಗಾಳಿ ಕೆಳಕ್ಕೆ ಇಳಿಯುವುದು ಹೀಗೆ. ಮ್ಯಾಸ್ಟಿಕ್ ಬಳಿದ ಮೇಲೆ ಗ್ರಿಲ್ ಬೆವರುವುದೂ ನಿಂತರೆ ಆಶ್ಚರ್ಯ ಬೇಡ.


ಮಾಡಿನಂಚು:

ಹೊಳಪಿಲ್ಲದ ಮೈಯ ಬಗ್ಗೆ ಒಂದು ತಕರಾರು. ಇಬ್ಬನಿಬಿಂದು ಅವರ 0.11 ಸುತ್ತಲಿನ ಎಲ್ಲ ಮೈಗಳೂ ಅಟ್ಟದ ಗಾಳಿಯಷ್ಟೇ ಬೆಚ್ಚಗಿವೆ ಎಂದು ಹಿಡಿದಿದೆ. ಶೀಟಿನ ಮಾಡು ನಸುಕಿನಲ್ಲಿ ಗಾಳಿಗಿಂತ ತಣ್ಣಗಿರುತ್ತದೆ. ಆಗ ಡಕ್ಟಿನ ಮೇಲ್ಭಾಗ ಹೊಳಪಿಲ್ಲದೆ ಇದ್ದರೆ ಶಾಖ ಪಡೆಯುವ ಬದಲು ಮಾಡಿಗೆ ಕಳೆದುಕೊಳ್ಳುತ್ತದೆ. ತಳಕ್ಕೂ ಪಕ್ಕಗಳಿಗೂ ನಿಮ್ಮ ಲೆಕ್ಕ ನಿಲ್ಲುತ್ತದೆ, ಮೇಲ್ಭಾಗಕ್ಕೆ ಲಾಭ ಕಡಿಮೆ.

ಇದೇ ತರ್ಕದಲ್ಲಿ, ಮಾಡಿನ ಕೆಳಗೆ ಹೊಳೆಯುವ ಶೀಟು ಕಟ್ಟಿ ಅಟ್ಟ ತಂಪು ಮಾಡಿ ಎನ್ನುವವರ ಮಾತು ಕೇಳುವ ಮೊದಲು ಯೋಚಿಸಿ. ಅಟ್ಟ ತಂಪಾಗುತ್ತದೆ, ನೀರು ಅಷ್ಟೇ ಇರುತ್ತದೆ, ಬೆವರುವ ಗಂಟೆಗಳು ಹೆಚ್ಚಾಗುತ್ತವೆ.

ಇನ್ನೊಂದು ದಾರಿಯೂ ಇದೆ: ಡಕ್ಟಿನ ಮೇಲೆ ಕ್ಲೋಸ್ಡ್ ಸೆಲ್ ಸ್ಪ್ರೇ ಫೋಮ್ ಹೊಡೆಸಿ, ಅದರ ಮೇಲೆ ಸೀಲಿಂಗ್ ಇನ್ಸುಲೇಷನ್ ಸುರಿದು ಹೂಳುವುದು. ಸೋರಿಕೆ, ಆವಿತಡೆ, ದಪ್ಪ ಮೂರೂ ಒಟ್ಟಿಗೆ ಮುಗಿಯುತ್ತವೆ. ಫೋಮ್ ಇಲ್ಲದೆ ಬರಿಯ ಆರ್-6 ಫ್ಲೆಕ್ಸಿಬಲ್ ಡಕ್ಟನ್ನು ಸಡಿಲ ವುಲ್ಲಿನಲ್ಲಿ ಹೂತರೆ ಮಾತ್ರ ಅನಾಹುತ. ಆವಿ ಸಡಿಲ ವುಲ್ಲಿನೊಳಗೆ ಸಲೀಸಾಗಿ ಹೋಗುತ್ತದೆ, ಬಿಸಿ ಹೋಗುವುದಿಲ್ಲ, ಡಕ್ಟಿನ ಜಾಕೆಟ್ ಇನ್ನೂ ತಣ್ಣಗಾಗಿ ಒಳಗೊಳಗೇ ನೀರು ಕಟ್ಟುತ್ತದೆ, ಕಣ್ಣಿಗೂ ಬೀಳುವುದಿಲ್ಲ. ಹಸಿ ಹವೆಯಲ್ಲಿ ಹೂಳುವ ಡಕ್ಟಿನ ಮೈಮೇಲೇ ಕನಿಷ್ಠ ಆರ್-13 ಇರಬೇಕು.


ಇಬ್ಬನಿಬಿಂದು:

ತಕರಾರು ಒಪ್ಪಿದೆ. ಮೇಲ್ಭಾಗಕ್ಕೆ 0.2ನ್ನೇ ಹಿಡಿದು ಲೆಕ್ಕ ಹಾಕುವುದು ಕ್ಷೇಮ. 38 ಮಿ.ಮೀ. ರಬ್ಬರ್, 13.5 ಡಿಗ್ರಿ ಸಪ್ಲೈಗೆ ತಳ 26.6, ಮೇಲ್ಭಾಗ ಸುಮಾರು 25.7. ಅಂದರೆ ಥರ್ಮೋಸ್ಟಾಟ್ ಏರಿಸಿ ಹೊದಿಕೆ ಬದಲಾಯಿಸಿದರೂ ಮೇಲ್ಭಾಗದಲ್ಲಿ ತೀರಾ ಹಸಿಯಾದ ನಸುಕಿನಲ್ಲಿ ಮಂಜು ಹಿಡಿಯಬಹುದು. ಮಂಜು ಹಿಡಿಯುವುದಕ್ಕೂ ತೊಟ್ಟಿಕ್ಕುವುದಕ್ಕೂ ವ್ಯತ್ಯಾಸವಿದೆ, ಮಧ್ಯಾಹ್ನದ ಬಿಸಿಗೆ ಅದು ಒಣಗುತ್ತದೆ. ಅಷ್ಟೂ ಬೇಡವೆಂದರೆ ಮೇಲ್ಭಾಗಕ್ಕೆ ಮಾತ್ರ ಇನ್ನೊಂದು 19 ಮಿ.ಮೀ. ಹಾಳೆ ಹಾಸಿ.


ತಗಡುಕೆಲಸ:

ಮೇಲೆ ಹತ್ತಿದಾಗಲೇ ಇನ್ನೆರಡು ನೋಡಿಬಿಡಿ. ಯೂನಿಟ್ಟಿಗೆ ಬರುವ ಎರಡು ತಾಮ್ರದ ಪೈಪುಗಳಲ್ಲಿ ದಪ್ಪನೆಯದಕ್ಕೆ 19 ಮಿ.ಮೀ. ರಬ್ಬರ್ ಕೊಳವೆ ಇರಬೇಕು, ಸೀಳಿದ ಜಾಯಿಂಟ್ ಕೆಳಮುಖವಾಗಿರಬಾರದು. ನೀರು ಹೋಗುವ ಡ್ರೈನ್ ಪೈಪ್ ತಣ್ಣನೆ ನೀರಿನಿಂದ ತಾನೂ ಬೆವರುತ್ತದೆ, ಅಟ್ಟದೊಳಗೆ ಇರುವಷ್ಟು ಉದ್ದಕ್ಕೂ 9 ಮಿ.ಮೀ. ರಬ್ಬರ್ ಸಾಕು, ಇಳಿಜಾರು ಮೀಟರಿಗೆ 10 ಮಿ.ಮೀ. ಯೂನಿಟ್ಟಿನ ಕೆಳಗೆ ಎರಡನೇ ತಟ್ಟೆ ಇಲ್ಲದಿದ್ದರೆ ಇಡಿಸಿ, ಅದರಲ್ಲಿ ಫ್ಲೋಟ್ ಸ್ವಿಚ್ ಕೂರಿಸಿ, ನೀರು ತುಂಬಿದರೆ ಎಸಿ ತಾನೇ ನಿಲ್ಲಲಿ. ಕೆಲಸ ಮುಗಿದ ಮೇಲೆ ತಳದಲ್ಲಿ ನಾಲ್ಕು ಕಡೆ, ಮೇಲ್ಭಾಗದಲ್ಲಿ ಎರಡು ಕಡೆ ಕಪ್ಪು ಟೇಪ್ ಅಂಟಿಸಿಟ್ಟು, ಒಂದು ವಾರ ಬೆಳಿಗ್ಗೆ ಆರೂವರೆಗೆ ಅಳೆದು ಇಲ್ಲಿ ಹಾಕಿ.